ನೀನು ನಿಂತರೆ ಬಾಂಬು ನಿಲ್ಲುತ್ತಾ?

ಪ್ರಶ್ನೆ: ನನಗೆ 31 ವರ್ಷ. ಎರಡೂವರೆ ವರ್ಷದಿಂದ ಯುದ್ಧವಿರೋಧಿ ಗುಂಪೊಂದರಲ್ಲಿದ್ದೇನೆ. ಪ್ರತಿ ಶನಿವಾರ ಸಂಜೆ ಒಂದು ಗಂಟೆ ಬ್ಯಾನರ್ ಹಿಡಿದು ಮೌನವಾಗಿ ನಿಲ್ಲುತ್ತೇವೆ. ಶುರುವಿನಲ್ಲಿ ಇನ್ನೂರು ಜನ ಬರುತ್ತಿದ್ದರು, ಈಗ ಒಂಬತ್ತು. ಬ್ಯಾನರ್ ಮೊದಲ ದಿನದಿಂದಲೂ ನಮ್ಮ ಮನೆಯಲ್ಲೇ ಇದೆ, ಹಾಗಾಗಿ ನಾನು ತಪ್ಪಿಸುವ ಹಾಗೂ ಇಲ್ಲ. ರಾತ್ರಿ ಎರಡು ಗಂಟೆಯವರೆಗೆ ಫೋನಿನಲ್ಲಿ ಯುದ್ಧದ ವಿಡಿಯೊ ನೋಡುತ್ತಿರುತ್ತೇನೆ. ನೋಡದಿದ್ದರೆ ಸತ್ತವರಿಗೆ ದ್ರೋಹ ಮಾಡಿದ ಹಾಗನ್ನಿಸುತ್ತದೆ. ಮೊನ್ನೆ ತಂಗಿ ಕೇಳಿದಳು, 'ನೀನು ಅಲ್ಲಿ ನಿಂತರೆ ಬಾಂಬು ನಿಲ್ಲುತ್ತಾ?' ನನಗೆ ಉತ್ತರ ಹೊಳೆಯಲಿಲ್ಲ. ಭರವಸೆ ಉಳಿಸಿಕೊಳ್ಳುವುದು ಹೇಗೆ?

ಉತ್ತರ: ಮೊದಲು ನಿಮ್ಮ ತಂಗಿಗೆ ಉತ್ತರ ಕೊಟ್ಟುಬಿಡೋಣ. ನಿಲ್ಲುವುದಿಲ್ಲ. ಒಂಬತ್ತು ಜನ ನಿಂತರೂ ನಿಲ್ಲುವುದಿಲ್ಲ, ತೊಂಬತ್ತು ಸಾವಿರ ಜನ ನಿಂತರೂ ಆ ವಾರವೇ ನಿಲ್ಲುವುದಿಲ್ಲ. ಇದನ್ನು ಒಪ್ಪಿಕೊಳ್ಳದೆ ಭರವಸೆಯ ಮಾತಾಡಿದರೆ, ಹಾಸಿಗೆ ಹಿಡಿದವರ ಪಕ್ಕ ಕೂತು 'ಏನೂ ಆಗಿಲ್ಲ ಬಿಡಿ' ಅಂದ ಹಾಗೆ. ಅಂದವರಿಗೆ ಮನಸ್ಸು ಹಗುರಾಗುತ್ತದೆ, ಮಲಗಿದವರಿಗೆ ಆಗುವುದಿಲ್ಲ.

ನಾನು ಮೂವತ್ತು ವರ್ಷದಿಂದ ಶಾಂತಿ ಚಳವಳಿಗಳ ಇತಿಹಾಸ ಪಾಠ ಮಾಡುತ್ತ, ಮಿಕ್ಕ ಹೊತ್ತಿನಲ್ಲಿ ಇಂಥ ಗುಂಪುಗಳಿಗೆ ತರಬೇತಿ ಕೊಡುತ್ತ ಬಂದವನು. ನಿಮ್ಮದರಂಥ ಪತ್ರಗಳು ನನಗೆ ಹೊಸತಲ್ಲ. ಬರೆದವರೆಲ್ಲ ಭರವಸೆ ಹೋಯಿತು ಅನ್ನುತ್ತಾರೆ. ಓದುತ್ತ ಹೋದರೆ ಅವರ ಕೈಯಲ್ಲಿರುವ ತಕ್ಕಡಿಯೇ ಸರಿಯಿಲ್ಲ ಅನ್ನುವುದು ಕಾಣುತ್ತದೆ. 'ಯುದ್ಧ ನಿಂತಿತೇ, ಇಲ್ಲವೇ' ಎಂಬ ಆ ತಕ್ಕಡಿ ನಡೆದುಹೋದದ್ದನ್ನು ಮಾತ್ರ ತೂಗುತ್ತದೆ. ನಡೆಯದೆ ಉಳಿದದ್ದು ಅದರಲ್ಲಿ ತೂಗುವುದೇ ಇಲ್ಲ.

ನನ್ನದೇ ಉದಾಹರಣೆ ಹೇಳುತ್ತೇನೆ. 2003ರ ಫೆಬ್ರವರಿ 15. ಇರಾಕ್ ಮೇಲೆ ಯುದ್ಧ ಬೇಡವೆಂದು ಅರುವತ್ತರಷ್ಟು ದೇಶಗಳಲ್ಲಿ ಒಂದೇ ದಿನ ಜನ ಬೀದಿಗಿಳಿದಿದ್ದರು. ಲಂಡನ್‌ನಲ್ಲಿ ಪೊಲೀಸರ ಲೆಕ್ಕವೇ 7.5 ಲಕ್ಷ, ಸಂಘಟಕರದ್ದು ಅದಕ್ಕಿಂತ ಬಹಳ ಹೆಚ್ಚು. ರೋಮ್‌ನ ಮೆರವಣಿಗೆ ಗಿನ್ನೆಸ್ ದಾಖಲೆಗೆ ಸೇರಿತು. ನಾನೂ ಅವತ್ತು ಒಂದು ಊರಿನ ಬೀದಿಯಲ್ಲಿದ್ದೆ. ತುಂತುರು ಮಳೆಗೆ ಪ್ಲೆಕಾರ್ಡಿನ ಶಾಯಿ ಇಳಿದು ಅಂಗಿಯ ತೋಳೆಲ್ಲ ನೀಲಿಯಾಗಿತ್ತು. ಇಷ್ಟು ಜನ ಬೇಡ ಅಂದಮೇಲೆ ಯಾವ ಸರ್ಕಾರ ತಾನೇ ಮುಂದುವರಿದೀತು ಎಂದು ನಂಬಿ ಮನೆಗೆ ಬಂದೆ. ಅದಾಗಿ 33ನೇ ದಿನಕ್ಕೆ, ಮಾರ್ಚ್ 20ರಂದು, ಬಾಗ್ದಾದ್ ಮೇಲೆ ಬಾಂಬು ಬಿತ್ತು. ನನ್ನ ಜೊತೆಗಿದ್ದವರಲ್ಲಿ ಅರ್ಧಕ್ಕರ್ಧ ಜನ ಏಪ್ರಿಲ್ ಹೊತ್ತಿಗೆ ಕೈಬಿಟ್ಟರು. ನಾನೂ ಬಿಟ್ಟೆ, ಒಂದೂವರೆ ವರ್ಷ. ಆ ಅಂಗಿಯನ್ನು ಒಗೆದರೂ ಬಣ್ಣ ಹೋಗಿರಲಿಲ್ಲ, ಕೊನೆಗೆ ಒರೆಸುವ ಬಟ್ಟೆ ಮಾಡಿಕೊಂಡೆ.

ಆಗ ನಮ್ಮ ಕಣ್ಣಿಗೆ ಬೀಳದ ಸಂಗತಿಗಳಿದ್ದವು. ಅದೇ ಮಾರ್ಚ್ 1ರಂದು ಟರ್ಕಿಯ ಸಂಸತ್ತಿನ ಮುಂದೆ ಒಂದು ನಿರ್ಣಯ ಬಂದಿತ್ತು: ಸುಮಾರು 62,000 ಅಮೆರಿಕನ್ ಸೈನಿಕರು ಟರ್ಕಿಯ ನೆಲದಿಂದ ಉತ್ತರ ಇರಾಕಿಗೆ ನುಗ್ಗಲು ಅನುಮತಿ. ಆಳುವ ಪಕ್ಷಕ್ಕೆ ಭಾರಿ ಬಹುಮತವಿತ್ತು. ಹೊರಗೆ ಅಂಕಾರಾದಲ್ಲಿ ಹತ್ತಾರು ಸಾವಿರ ಜನ ಸೇರಿದ್ದರು. ಒಳಗೆ ಪರ 264, ವಿರುದ್ಧ 250, ತಟಸ್ಥ 19. ಪರ ಮತಗಳೇ ಹೆಚ್ಚಿದ್ದರೂ ಹಾಜರಿದ್ದವರ ಬಹುಮತಕ್ಕೆ ಮೂರು ಮತ ಕಡಿಮೆಯಾಗಿ ನಿರ್ಣಯ ಬಿದ್ದುಹೋಯಿತು. ಉತ್ತರದ ದಾಳಿಗೆಂದು ಹಡಗುಗಳಲ್ಲಿ ಕಾಯುತ್ತಿದ್ದ ಪಡೆಯ ಸಾಮಗ್ರಿಯನ್ನೆಲ್ಲ ಸುತ್ತುಹಾಕಿ ಕುವೈತಿನ ಕಡೆಗೆ ಸಾಗಿಸಬೇಕಾಯಿತು.

ಇನ್ನೊಂದು ಕಾಣಿಸಲು ಹತ್ತು ವರ್ಷ ಬೇಕಾಯಿತು. 2013ರ ಆಗಸ್ಟ್ 29ರಂದು ಸಿರಿಯಾ ಮೇಲಿನ ದಾಳಿಗೆ ಒಪ್ಪಿಗೆ ಕೇಳಿ ಬ್ರಿಟಿಷ್ ಸರ್ಕಾರ ಸಂಸತ್ತಿಗೆ ಬಂತು. 272ಕ್ಕೆ 285 ಮತಗಳಿಂದ ಸೋತಿತು. ಚರ್ಚೆಯುದ್ದಕ್ಕೂ ಸದಸ್ಯರ ಬಾಯಲ್ಲಿ ಇದ್ದದ್ದು ಇರಾಕ್. 2003ರಲ್ಲಿ ಬೀದಿಗಿಳಿದು ಮನೆಗೆ ಹೋದ ಜನ 'ನಮ್ಮ ಕೈಲಿ ಏನೂ ಆಗಲಿಲ್ಲ' ಅಂದುಕೊಂಡಿದ್ದರು, ಆದರೆ ಅವರ ಮಾತು ಸದನದೊಳಗೇ ಕೂತಿತ್ತು. ಎರಡು ದಿನ ಬಿಟ್ಟು ಅಮೆರಿಕದ ಅಧ್ಯಕ್ಷರೂ ತಾವು ಕಾಂಗ್ರೆಸ್ಸಿನ ಒಪ್ಪಿಗೆ ಕೇಳುತ್ತೇವೆ ಅಂದರು. ಆ ಸಲದ ದಾಳಿ ನಡೆಯಲಿಲ್ಲ. ಸಿರಿಯಾದ ಯುದ್ಧ ಮಾತ್ರ ವರ್ಷಗಟ್ಟಲೆ ನಡೆಯಿತು, ಮತ್ತು ಜಗತ್ತು ತಮ್ಮನ್ನು ಕೈಬಿಟ್ಟಿತೆಂದು ಆ ವಾರ ನೊಂದುಕೊಂಡ ಸಿರಿಯನ್ನರೂ ಇದ್ದರು. ಅವರ ನೋವನ್ನು ನಮ್ಮ ಗೆಲುವಿನ ಪಟ್ಟಿಯ ಅಡಿಟಿಪ್ಪಣಿ ಮಾಡಬಾರದು.

ನಡೆಯದೆ ಉಳಿದದ್ದರ ವಿಷಯಕ್ಕೆ ನನಗೆ ಗೊತ್ತಿರುವ ಅತ್ಯಂತ ಸ್ಪಷ್ಟ ಸಾಕ್ಷಿ 1969ರದ್ದು, ಮತ್ತು ಸಾಕ್ಷಿ ಹೇಳಿದವರು ನಮ್ಮ ಕಡೆಯವರಲ್ಲ. ಆ ಬೇಸಿಗೆಯಲ್ಲಿ ಅಮೆರಿಕದ ಅಧ್ಯಕ್ಷ ರಿಚರ್ಡ್ ನಿಕ್ಸನ್ ಉತ್ತರ ವಿಯೆಟ್ನಾಮಿಗೆ ಗುಟ್ಟಾಗಿ ಗಡುವು ಕೊಟ್ಟಿದ್ದರು. ನವೆಂಬರ್ 1ರೊಳಗೆ ಬಗ್ಗದಿದ್ದರೆ ಭಾರಿ ದಾಳಿ. ಯೋಜನೆಯ ಹೆಸರು ಡಕ್ ಹುಕ್: ಹೈಫಾಂಗ್ ಬಂದರಿಗೆ ಸಿಡಿಮದ್ದು ಹಾಸುವುದು, ಹನೋಯ್ ಮೇಲೆ ಬಾಂಬಿನ ಮಳೆ. ಇದರ ಸುಳಿವೂ ಇಲ್ಲದ ಚಳವಳಿಗಾರರು ಅಕ್ಟೋಬರ್ 15ಕ್ಕೆ ದೇಶದಾದ್ಯಂತ ಕೆಲಸ ನಿಲ್ಲಿಸುವ ಕರೆ ಕೊಟ್ಟಿದ್ದರು. ಇದರಿಂದ ತಮ್ಮ ಮೇಲೆ ಯಾವ ಪರಿಣಾಮವೂ ಆಗದು ಎಂದು ನಿಕ್ಸನ್ ಪತ್ರಿಕಾಗೋಷ್ಠಿಯಲ್ಲಿ ಮೊದಲೇ ಸಾರಿದ್ದರು. ಅವತ್ತು ಊರೂರಿನಲ್ಲಿ ಲಕ್ಷಗಟ್ಟಲೆ ಜನ ಸೇರಿದರು. ನವೆಂಬರ್ 15ರಂದು ವಾಷಿಂಗ್ಟನ್‌ಗೇ ಲಕ್ಷಗಟ್ಟಲೆ ಜನ ಬಂದರು. ಶ್ವೇತಭವನದ ಸುತ್ತ ಬಸ್ಸುಗಳನ್ನು ಸಾಲಾಗಿ ನಿಲ್ಲಿಸಿ ಗೋಡೆ ಮಾಡಿದ್ದರು. ಅಧ್ಯಕ್ಷರು ಒಳಗೆ ಟಿವಿಯಲ್ಲಿ ಫುಟ್‌ಬಾಲ್ ಪಂದ್ಯ ನೋಡುತ್ತಿದ್ದಾರೆ ಎಂಬ ಸುದ್ದಿ ಹೊರಬಂತು. ಚಳಿಯಲ್ಲಿ ನಡುಗುತ್ತ ನಿಂತವರಿಗೆ ಅದನ್ನು ಕೇಳಿ ಹೇಗಾಗಿರಬೇಕು, ಯೋಚಿಸಿ. ನಿಮ್ಮ ತಂಗಿಯ ಪ್ರಶ್ನೆಯನ್ನು ಅವತ್ತು ಎಷ್ಟು ಜನ ತಮಗೆ ತಾವೇ ಕೇಳಿಕೊಂಡಿರಬೇಕು.

ಆದರೆ ನವೆಂಬರ್ 1 ದಾಳಿಯಿಲ್ಲದೆಯೇ ಕಳೆದುಹೋಗಿತ್ತು. ಕಾರಣಗಳಲ್ಲಿ ಒಂದನ್ನು ನಿಕ್ಸನ್ 1978ರಲ್ಲಿ ಪ್ರಕಟವಾದ ತಮ್ಮ ಆತ್ಮಕಥೆಯಲ್ಲಿ ತಾವೇ ಬರೆದುಕೊಂಡರು. ಹೊರಗೆ ಲೆಕ್ಕಿಸದವರಂತೆ ಕಾಣಿಸಿಕೊಂಡೆ, ಆದರೆ ಇಷ್ಟೆಲ್ಲ ಪ್ರತಿಭಟನೆಯ ಮೇಲೆ ಯುದ್ಧವನ್ನು ಏರಿಸಿದರೆ ದೇಶ ಒಡೆಯುತ್ತದೆಂದು ಗೊತ್ತಿತ್ತು ಎನ್ನುವುದು ಆ ಮಾತಿನ ತಿರುಳು. ಚಳಿಯಲ್ಲಿ ನಿಂತಿದ್ದವರಿಗೆ ಇದು ತಿಳಿಯಲು ಒಂಬತ್ತು ವರ್ಷ ಬೇಕಾಯಿತು. ಅಷ್ಟರಲ್ಲಿ ಎಷ್ಟೋ ಜನ ಸೋತೆವು ಎಂದೇ ನಂಬಿ ಬೇರೆ ಬದುಕಿಗೆ ಹೋಗಿಬಿಟ್ಟಿದ್ದರು.

ಇದನ್ನು ತರಬೇತಿಯಲ್ಲಿ ಹೇಳಿದಾಗ ಯಾರಾದರೂ ಕೈ ಎತ್ತುತ್ತಾರೆ: 'ಸಾರ್, ಮುಂದಿನ ವರ್ಷವೇ ಕಾಂಬೋಡಿಯಕ್ಕೆ ನುಗ್ಗಲಿಲ್ಲವೇ? 1972ರ ಮೇ ತಿಂಗಳಲ್ಲಿ ಹೈಫಾಂಗ್‌ಗೆ ಸಿಡಿಮದ್ದು ಹಾಕಲಿಲ್ಲವೇ?' ಹಾಕಿದರು. ತಡೆದದ್ದು ಶಾಶ್ವತವಾಗಿ ತಡೆಯಲಿಲ್ಲ. ಎರಡೂವರೆ ವರ್ಷ ತಡೆಯಿತು. ಆ ಎರಡೂವರೆ ವರ್ಷ ಹನೋಯ್‌ನಲ್ಲಿ ಶಾಲೆಗೆ ಹೋಗಿಬಂದ ಮಗುವಿಗೆ ಅದು ಸಣ್ಣ ಅವಧಿಯಲ್ಲ ಎಂದಷ್ಟೇ ನಾನು ಉತ್ತರಿಸುವುದು.

ಅದೇ 1969ರ ಆಗಸ್ಟ್ ಕೊನೆಯಲ್ಲಿ, ಪೆನ್ಸಿಲ್ವೇನಿಯಾದ ಹ್ಯಾವರ್‌ಫರ್ಡ್ ಕಾಲೇಜಿನಲ್ಲಿ ಯುದ್ಧ ಪ್ರತಿರೋಧಿಗಳ ಒಂದು ಸಮ್ಮೇಳನ ನಡೆಯಿತು. ರ‍್ಯಾಂಡಿ ಕೆಹ್ಲರ್ ಎಂಬ ಇಪ್ಪತ್ತರ ಹರೆಯದ ಯುವಕ ಮಾತಾಡಿದ. ಕಡ್ಡಾಯ ಸೇನಾ ಸೇವೆಗೆ ಒಪ್ಪದ ಗೆಳೆಯರೆಲ್ಲ ಒಬ್ಬೊಬ್ಬರಾಗಿ ಜೈಲಿಗೆ ಹೋದರು, ನಾನೂ ಅವರನ್ನು ಸೇರಿಕೊಳ್ಳಲಿದ್ದೇನೆ, ಅದಕ್ಕೆ ಖುಷಿಯಿದೆ ಎಂಬರ್ಥದ ಮಾತು. ಸಭಿಕರಲ್ಲಿ ರಕ್ಷಣಾ ಇಲಾಖೆಯ ಒಳಹೊರಗು ಬಲ್ಲ ವಿಶ್ಲೇಷಕರೊಬ್ಬರಿದ್ದರು, ಡೇನಿಯಲ್ ಎಲ್ಸ್‌ಬರ್ಗ್. ಅವರು ಎದ್ದು ಹೋಗಿ, ಯಾರೂ ಇಲ್ಲದ ಶೌಚಾಲಯದ ನೆಲದ ಮೇಲೆ ಕೂತು ಒಂದು ಗಂಟೆಗೂ ಹೆಚ್ಚು ಹೊತ್ತು ಅತ್ತರು. ಅಕ್ಟೋಬರ್‌ನಲ್ಲಿ ಅವರು ವಿಯೆಟ್ನಾಂ ಯುದ್ಧದ 7,000 ಪುಟಗಳ ಗುಪ್ತ ವರದಿಯನ್ನು ರಾತ್ರಿ ರಾತ್ರಿ ಝೆರಾಕ್ಸ್ ಮಾಡತೊಡಗಿದರು. 13 ವರ್ಷದ ಮಗ ಯಂತ್ರ ನಡೆಸಲು ಕೈಜೋಡಿಸಿದ, ಚಿಕ್ಕ ಮಗಳು 'ಅತಿ ಗೋಪ್ಯ' ಎಂಬ ಮುದ್ರೆಯಿದ್ದ ಅಂಚುಗಳನ್ನು ಕತ್ತರಿಯಲ್ಲಿ ಕತ್ತರಿಸಿದಳು. 1971ರ ಜೂನ್ 13ರಂದು ನ್ಯೂಯಾರ್ಕ್ ಟೈಮ್ಸ್ ಅದನ್ನು ಪ್ರಕಟಿಸತೊಡಗಿತು. ಪೆಂಟಗನ್ ಪೇಪರ್ಸ್ ಅಂತ ನಾವು ಕರೆಯುವುದು ಅದನ್ನೇ. ಆ ಭಾಷಣ ಕೇಳದಿದ್ದರೆ ತಾನು ಅದನ್ನು ಮಾಡುತ್ತಲೇ ಇರಲಿಲ್ಲ ಎಂದು ಎಲ್ಸ್‌ಬರ್ಗ್ ಕೊನೆಯವರೆಗೂ ಹೇಳುತ್ತಿದ್ದರು. ವೇದಿಕೆಯ ಮೇಲಿದ್ದ ಹುಡುಗನಿಗೆ ಅವತ್ತು ಇದು ಯಾವುದೂ ಗೊತ್ತಾಗಲಿಲ್ಲ. ಅವನು 22 ತಿಂಗಳು ಜೈಲಿನಲ್ಲಿದ್ದ. ಮುಂದೆ ಅಣ್ವಸ್ತ್ರ ಸ್ಥಗಿತ ಚಳವಳಿಯನ್ನು ರಾಷ್ಟ್ರಮಟ್ಟದಲ್ಲಿ ಸಂಯೋಜಿಸಿದವನೂ ಅವನೇ. 1982ರ ಜೂನ್ 12ರಂದು ನ್ಯೂಯಾರ್ಕಿನಲ್ಲಿ ಅಣ್ವಸ್ತ್ರದ ವಿರುದ್ಧ ಸುಮಾರು ಹತ್ತು ಲಕ್ಷ ಜನ ಸೇರಿದ್ದು ಆ ದಿನಗಳಲ್ಲೇ.

ಈ ಕಥೆಗಳನ್ನು ಲಾಟರಿ ಟಿಕೆಟ್ಟಿನ ಹಾಗೆ ಜೇಬಿನಲ್ಲಿಟ್ಟುಕೊಳ್ಳಬೇಡಿ. 'ಇವತ್ತು ನನ್ನನ್ನು ನೋಡಿದವರಲ್ಲಿ ಒಬ್ಬ ಎಲ್ಸ್‌ಬರ್ಗ್ ಇರಬಹುದು' ಎಂದು ಪ್ರತಿ ಶನಿವಾರ ಕಾದರೆ ಇನ್ನೂ ಬೇಗ ದಣಿಯುತ್ತೀರಿ. ಬಹುಪಾಲು ಭಾಷಣ ಕೇಳಿ ಯಾರೂ ಅಳುವುದಿಲ್ಲ. ಬರ್ಟಾ ಫಾನ್ ಸುಟ್ನರ್ ಬಾಳಿನ ಕೊನೆಯ ಇಪ್ಪತ್ತೈದು ವರ್ಷವನ್ನು ಶಾಂತಿ ಚಳವಳಿಗೆ ಕೊಟ್ಟವರು, 1905ರಲ್ಲಿ ನೊಬೆಲ್ ಪಡೆದವರು. 1914ರ ಜೂನ್ 21ರಂದು ತೀರಿಕೊಂಡರು. ಏಳು ದಿನಕ್ಕೆ ಸರಾಯೆವೊದಲ್ಲಿ ಆಸ್ಟ್ರಿಯಾದ ಯುವರಾಜನ ಮೇಲೆ ಗುಂಡು ಹಾರಿತು, ಮತ್ತೊಂದು ತಿಂಗಳಿಗೆ ಮಹಾಯುದ್ಧ. ಈ ಕಥೆಗೆ ಯಾವ ಸಿಹಿ ಕೊನೆಯನ್ನೂ ಅಂಟಿಸಲು ನನಗೆ ಬರುವುದಿಲ್ಲ. ನಿಮ್ಮ ಕೆಲಸದ ಪರಿಣಾಮವನ್ನು ನೀವೇ ಅಳೆಯುವ ಸ್ಥಾನದಲ್ಲಿ ನೀವಿಲ್ಲ, ಅಷ್ಟೇ. ಗೆದ್ದೆವು ಅನ್ನಲು ಎಷ್ಟು ಆಧಾರವಿಲ್ಲವೋ, ವ್ಯರ್ಥವಾಯಿತು ಅನ್ನಲೂ ಅಷ್ಟೇ ಆಧಾರವಿಲ್ಲ. ಹತಾಶೆ ತನ್ನನ್ನು ತಾನು ವಾಸ್ತವವಾದ ಎಂದು ಕರೆದುಕೊಳ್ಳುತ್ತದೆ. ನನ್ನ ಪ್ರಕಾರ ಅದು ಸುಮ್ಮನೆ ಆತುರದ ತೀರ್ಪು.

(ನಡುವೆ ಒಂದು ಮಾತು. 'ಜನಸಂಖ್ಯೆಯ ಶೇ 3.5 ಮಂದಿ ಬೀದಿಗಿಳಿದರೆ ಗೆಲುವು ಖಚಿತ' ಎಂಬ ಲೆಕ್ಕವನ್ನು ಯಾರಾದರೂ ನಿಮ್ಮ ಗುಂಪಿನಲ್ಲಿ ಹೇಳಿರುತ್ತಾರೆ. ಆ ಲೆಕ್ಕ ಕೊಟ್ಟ ರಾಜಕೀಯ ವಿಜ್ಞಾನಿ ಎರಿಕಾ ಚೆನೊವೆತ್ ಅಧ್ಯಯನ ಮಾಡಿದ್ದು ಸರ್ಕಾರ ಉರುಳಿಸುವ, ಆಕ್ರಮಣಕಾರರನ್ನು ಹೊರಹಾಕುವ ಚಳವಳಿಗಳನ್ನು. ದೂರದ ಯುದ್ಧವೊಂದರ ನೀತಿ ಬದಲಿಸುವ ಕೆಲಸಕ್ಕೆ ಆ ಸಂಖ್ಯೆಯನ್ನು ಎಳೆದುತಂದು, ಅದು ಮುಟ್ಟದಿದ್ದಾಗ ಕುಸಿಯುವವರನ್ನು ಕಂಡಿದ್ದೇನೆ.)

ಹಾಗಾದರೆ ಏನನ್ನು ಹಿಡಿದು ಮುಂದೆ ಹೋಗುವುದು? ಕೈಗೆ ಸಿಗುವಂಥದ್ದನ್ನು. 1958ರಲ್ಲಿ ಅಮೆರಿಕದ ಸೇಂಟ್ ಲೂಯಿಯಲ್ಲಿ ವಿಜ್ಞಾನಿಗಳೂ ತಾಯಂದಿರೂ ಸೇರಿ ಮಕ್ಕಳ ಉದುರಿದ ಹಾಲುಹಲ್ಲು ಕೂಡಿಸತೊಡಗಿದರು. ಆಗ ಅಣುಬಾಂಬಿನ ಪರೀಕ್ಷೆಗಳು ಬಯಲಲ್ಲೇ ನಡೆಯುತ್ತಿದ್ದವು. ಅದರ ಬೂದಿಯಲ್ಲಿನ, ವಿಕಿರಣ ಸೂಸುವ ಸ್ಟ್ರಾನ್ಷಿಯಂ-90 ಹುಲ್ಲಿಗೆ, ಹುಲ್ಲಿಂದ ಹಾಲಿಗೆ, ಹಾಲಿಂದ ಎಳೆಯ ಮೂಳೆಗೆ ಸೇರುತ್ತಿತ್ತು. ಲಕೋಟೆಯಲ್ಲಿ ಹಲ್ಲು ಕಳಿಸಿದ ಮಗುವಿಗೆ 'ನನ್ನ ಹಲ್ಲನ್ನು ವಿಜ್ಞಾನಕ್ಕೆ ಕೊಟ್ಟೆ' ಎಂಬ ಬಿಲ್ಲೆ ಬರುತ್ತಿತ್ತು. ಒಟ್ಟು ಮೂರು ಲಕ್ಷಕ್ಕೂ ಹೆಚ್ಚು ಹಲ್ಲು. 1961ರಲ್ಲಿ ಮೊದಲ ಫಲಿತಾಂಶ ಬಂತು, ಅದೇ ನವೆಂಬರ್ 1ರಂದು ಹಲವು ನಗರಗಳಲ್ಲಿ ಮಹಿಳೆಯರು ಮುಷ್ಕರ ಹೂಡಿದರು, 1963ರ ಆಗಸ್ಟ್‌ನಲ್ಲಿ ಬಯಲು ಪರೀಕ್ಷೆ ನಿಷೇಧಿಸುವ ಒಪ್ಪಂದಕ್ಕೆ ಸಹಿಯಾಯಿತು. ಒಪ್ಪಂದಕ್ಕೆ ಬೇರೆ ಕಾರಣಗಳೂ ಇದ್ದವು, ಹಿಂದಿನ ವರ್ಷದ ಕ್ಯೂಬಾ ಬಿಕ್ಕಟ್ಟಿನ ಭಯವೂ ಸೇರಿ. ನನಗೆ ಇಲ್ಲಿ ಮುಖ್ಯವಾದದ್ದು ಬೇರೆ. ಆ ಐದು ವರ್ಷ ಒಬ್ಬ ತಾಯಿ 'ಶೀತಲ ಸಮರ ನಿಂತಿತೇ' ಎಂದು ದಿನಾ ಕೇಳಿಕೊಳ್ಳಬೇಕಿರಲಿಲ್ಲ. ಈ ತಿಂಗಳು ಎಷ್ಟು ಲಕೋಟೆ ಬಂತು ಎಂದು ಕೇಳಿಕೊಂಡರೆ ಸಾಕಿತ್ತು.

ನಿಮ್ಮ ಶನಿವಾರದ ಮೌನಕ್ಕೆ ಅಂಥ ಲಕೋಟೆ ಇಲ್ಲ. ಒಂದು ಗಂಟೆ ನಿಲ್ಲುತ್ತೀರಿ, ಮನೆಗೆ ಹೋಗುತ್ತೀರಿ, ಅಳೆಯಲು ಸಿಗುವುದು ಬಂದವರ ತಲೆಯೆಣಿಕೆ ಒಂದೇ, ಅದು ಇನ್ನೂರರಿಂದ ಒಂಬತ್ತಕ್ಕೆ ಇಳಿದಿದೆ. ಯಾರಿಗಾದರೂ ಎದೆ ಒಡೆಯುತ್ತದೆ. ಮೌನವಾಗಿ ನಿಲ್ಲುವುದನ್ನು ನಾನು ಹೀಗಳೆಯುತ್ತಿಲ್ಲ. 1991ರಿಂದ, ಯುಗೊಸ್ಲಾವಿಯದ ಯುದ್ಧಗಳ ವಿರುದ್ಧ, ಬೆಲ್‌ಗ್ರೇಡಿನ ಕಪ್ಪುಡುಗೆಯ ಮಹಿಳೆಯರು ಬುಧವಾರ ಬುಧವಾರ ನಿಂತರು, ದಾರಿಹೋಕರು ಉಗಿದರೂ ನಿಂತರು. ಆದರೆ ಅವರು ಅಷ್ಟಕ್ಕೇ ಇರಲಿಲ್ಲ: ಸೇನೆಯಿಂದ ತಪ್ಪಿಸಿಕೊಂಡು ಬಂದವರಿಗೆ, ನಿರಾಶ್ರಿತರಿಗೆ ನೆರವಾಗುತ್ತಿದ್ದರು. ನಿಂತದ್ದರ ಜೊತೆಗೆ ಒಂದು ಕೆಲಸವಿತ್ತು.

ಒಂಬತ್ತು ಜನ ಏನು ಮಾಡಬಹುದು? ಯುದ್ಧ ಅನ್ನುವುದು ದೂರದಿಂದ ಒಂದೇ ಕಲ್ಲುಬಂಡೆಯಂತೆ ಕಾಣುತ್ತದೆ. ಹತ್ತಿರ ಹೋದರೆ ಅದು ಸಾವಿರ ಸಣ್ಣ ಒಪ್ಪಿಗೆಗಳ ಮೇಲೆ ನಿಂತಿರುತ್ತದೆ. ಯಾರೋ ಹಣ ಮಂಜೂರು ಮಾಡಬೇಕು, ಯಾರೋ ರಫ್ತು ಪರವಾನಗಿಗೆ ಸಹಿ ಹಾಕಬೇಕು, ಯಾವುದೋ ಪಿಂಚಣಿ ನಿಧಿ ಶಸ್ತ್ರ ಕಂಪನಿಯ ಷೇರು ಇಟ್ಟುಕೊಳ್ಳಬೇಕು, ಯಾವುದೋ ಬಂದರಿನಲ್ಲಿ ಪೆಟ್ಟಿಗೆ ಎತ್ತಿಳಿಸಬೇಕು. ಇದರಲ್ಲಿ ನಿಮ್ಮ ಒಂಬತ್ತು ಜನರ ಕೈಗೆಟುಕುವ ಒಂದು ಒಪ್ಪಿಗೆಯನ್ನು ಆರಿಸಿಕೊಳ್ಳಿ. ಒಂದೇ ಒಂದು. ಯಾರ ಸಹಿ, ಯಾವ ತಾರೀಕು, ಅವರು ಯಾರ ಮಾತು ಕೇಳುತ್ತಾರೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆಯಿರಿ. ಬರೆಯಲು ಬರದಿದ್ದರೆ ಆರಿಸಿದ್ದು ತೀರ ದೊಡ್ಡದು ಎಂದರ್ಥ, ಇನ್ನೂ ಚಿಕ್ಕದು ಹುಡುಕಿ.

ತಮ್ಮ ದೇಶದ ಅಂತರ್ಯುದ್ಧ ನಿಲ್ಲಲೆಂದು ಲೈಬೀರಿಯದ ಮಹಿಳೆಯರು ಬಿಳಿಯ ಅಂಗಿ ತೊಟ್ಟು ತಿಂಗಳುಗಟ್ಟಲೆ ಬಯಲಲ್ಲಿ, ಬಿಸಿಲಲ್ಲಿ ಕೂತಿದ್ದು ಎಲ್ಲರಿಗೂ ಗೊತ್ತು. ನನಗೆ ಅದಕ್ಕಿಂತ ಹಿಡಿಸುವುದು ಅವರ ಕೊನೆಯ ಹೆಜ್ಜೆ. 2003ರ ಜುಲೈ, ಘಾನಾದ ಅಕ್ರಾದಲ್ಲಿ ಶಾಂತಿ ಮಾತುಕತೆ ವಾರಗಟ್ಟಲೆ ಎಳೆಯುತ್ತಿತ್ತು. ಊರಲ್ಲಿ ಶೆಲ್ ಬೀಳುತ್ತಿದ್ದರೆ ಪ್ರತಿನಿಧಿಗಳು ಹೋಟೆಲಿನಲ್ಲಿ ಆರಾಮವಾಗಿದ್ದರು. ಲೇಮಾ ಬೋವಿ ಮತ್ತು ಸಂಗಡಿಗರು ಆ ಸಭಾಂಗಣದ ಬಾಗಿಲಲ್ಲಿ ತೋಳಿಗೆ ತೋಳು ಹೆಣೆದು ಕೂತುಬಿಟ್ಟರು. ಮಾತು ಮುಗಿಯದೆ ಯಾರೂ ಹೊರಗೆ ಬರುವಂತಿಲ್ಲ. ಬಂಧಿಸಲು ಕಾವಲಿನವರು ಬಂದಾಗ ಬೋವಿ ತಮ್ಮ ಬಟ್ಟೆ ಕಳಚುವುದಾಗಿ ಬೆದರಿಸಿದರು. ಅಲ್ಲಿ ತಾಯಿಯ ವಯಸ್ಸಿನವಳು ಹಾಗೆ ಮಾಡುವುದು ನೋಡಿದ ಗಂಡಸಿಗೆ ಶಾಪ. ಕಾವಲಿನವರು ಹಿಂದೆ ಸರಿದರು. ಆಗಸ್ಟ್ 18ಕ್ಕೆ ಒಪ್ಪಂದವಾಯಿತು. ಅಂತರರಾಷ್ಟ್ರೀಯ ಒತ್ತಡವೂ ಇತ್ತು, ನಿಜ. ಆದರೆ ನೋಡಿ, ಅವರು 'ಯುದ್ಧ'ವನ್ನು ತಡೆಯಲು ಹೋಗಲಿಲ್ಲ, ಒಂದು ಬಾಗಿಲನ್ನು ತಡೆದರು.

ಈಗ ಫೋನಿನ ವಿಷಯ. ಇದರಲ್ಲಿ ನನ್ನದು ಗಟ್ಟಿ ಅಭಿಪ್ರಾಯ: ರಾತ್ರಿ ಎರಡರವರೆಗೆ ನೋಡುವುದರಿಂದ ಸತ್ತವರಿಗೆ ಯಾವ ನ್ಯಾಯವೂ ಸಿಗುವುದಿಲ್ಲ. 2013ರಲ್ಲಿ ಬೋಸ್ಟನ್ ಮ್ಯಾರಥಾನಿನಲ್ಲಿ ಬಾಂಬು ಸಿಡಿದ ಮೇಲೆ ಸಂಶೋಧಕರು ಸಾವಿರಾರು ಜನರನ್ನು ವಿಚಾರಿಸಿದರು. ನಂತರದ ವಾರದಲ್ಲಿ ದಿನಕ್ಕೆ ಆರು ಗಂಟೆ ಅಥವಾ ಹೆಚ್ಚು ಹೊತ್ತು ಅದರ ಸುದ್ದಿ ನೋಡಿದವರಲ್ಲಿ, ಘಟನೆಯ ಸ್ಥಳದಲ್ಲೇ ಇದ್ದವರಿಗಿಂತ ಹೆಚ್ಚಿನ ತೀವ್ರ ಒತ್ತಡದ ಲಕ್ಷಣಗಳು ಕಂಡವು. ಮೈ ಅಪಾಯದಲ್ಲಿಲ್ಲ, ಆದರೆ ಮೈಗೆ ಅದು ಗೊತ್ತಿಲ್ಲ. ಓಡಲೂ ಆಗದು, ಯಾರನ್ನೂ ಎತ್ತಿ ಬದಿಗೆ ಕೂರಿಸಲೂ ಆಗದು. ಬೆರಳು ಮಾತ್ರ ಮೇಲಕ್ಕೆ ತಳ್ಳುತ್ತಿರುತ್ತದೆ. ಸ್ವಲ್ಪ ದಿನಕ್ಕೆ ಮರಗಟ್ಟುವಿಕೆ ಬರುತ್ತದೆ, ಮತ್ತೆ 'ನನಗೆ ಏನೂ ಅನ್ನಿಸುತ್ತಿಲ್ಲವಲ್ಲ' ಎಂಬ ಹೊಸ ಅಪರಾಧಿ ಭಾವ, ಅದನ್ನು ಕಳೆಯಲು ಇನ್ನಷ್ಟು ವಿಡಿಯೊ.

ಹಗಲು ಹೊತ್ತಿನಲ್ಲಿ, ಕೂತು, ಅರ್ಧ ಗಂಟೆ, ಓದಿ. ನೋಡಬೇಡಿ, ಓದಿ. ಒಬ್ಬರ ಹೆಸರು, ವಯಸ್ಸು, ಊರು ಒಂದು ಪುಸ್ತಕದಲ್ಲಿ ಕೈಯಾರೆ ಬರೆದಿಟ್ಟುಕೊಳ್ಳಿ. ದ್ರೋಹವೆಂಬ ಭಾವನೆ ಅಷ್ಟರಲ್ಲೇ ಎಷ್ಟೋ ಇಳಿಯುತ್ತದೆ, ನನಗೆ ಇಳಿದಿದೆ. ಅದರ ಆಚೆಗೆ ಬರುವ ಅಳುವನ್ನು ಹತಾಶೆ ಎಂದು ಕರೆದುಕೊಳ್ಳಬೇಡಿ. ಅದು ದುಃಖ. ಪರಿಚಯವಿಲ್ಲದ ಮಗುವಿಗಾಗಿ ಅಳುವವರನ್ನು ಸರಿಪಡಿಸುವ ಅಗತ್ಯ ನನಗೆ ಕಾಣುವುದಿಲ್ಲ, ಜೊತೆಗೆ ಕೂರುವವರೊಬ್ಬರು ಬೇಕು ಅಷ್ಟೇ. ಆದರೆ ಹಗಲಿನ ಕೆಲಸವೇ ನಿಂತುಹೋಗುವಷ್ಟು ನಿದ್ದೆಗೆಟ್ಟಿದ್ದರೆ, ಬದುಕೇ ಬೇಡ ಅನ್ನಿಸುತ್ತಿದ್ದರೆ, ನನ್ನ ಉತ್ತರ ಸಾಲದು. ಮನೋವೈದ್ಯರನ್ನು ಕಾಣಿ, ತಡಮಾಡಬೇಡಿ.

ಗುಂಪು ಕರಗಿದ್ದಕ್ಕೆ ನಿಮ್ಮನ್ನೇ ದೂಷಿಸಿಕೊಳ್ಳುತ್ತಿದ್ದೀರೇನೋ ಎಂಬ ಅನುಮಾನ ನನಗಿದೆ. 1977ರಲ್ಲಿ ನ್ಯೂ ಹ್ಯಾಂಪ್‌ಶೈರಿನ ಸೀಬ್ರೂಕ್‌ನಲ್ಲಿ ಪರಮಾಣು ಸ್ಥಾವರದ ನಿವೇಶನಕ್ಕೆ ನುಗ್ಗಿದ 1,414 ಜನರ ಬಂಧನವಾಯಿತು. ಎರಡು ವಾರ ದೇಶವೆಲ್ಲ ಅದೇ ಸುದ್ದಿ. ಮರುವರ್ಷ ಆ ಸಂಘಟಕರನ್ನು ಕಾಣಲು ಹೋದ ಬಿಲ್ ಮೋಯರ್ ಎಂಬ ಹಿರಿಯ ತರಬೇತುದಾರ, ಗೆದ್ದ ಉತ್ಸಾಹವನ್ನು ನಿರೀಕ್ಷಿಸಿದ್ದರಂತೆ. ಬಂದವರು ತಲೆ ತಗ್ಗಿಸಿ ಕೂತಿದ್ದರು: ಸ್ಥಾವರದ ಕೆಲಸ ನಡೆದೇ ಇದೆ, ನಾವು ಸೋತೆವು. ಮೋಯರ್ ಆಮೇಲೆ ಚಳವಳಿಗಳ ಎಂಟು ಹಂತಗಳ ನಕ್ಷೆ ಬರೆದರು. ಅದರಲ್ಲಿ ಐದನೆಯದಕ್ಕೆ 'ಸೋತೆವೆಂಬ ಭಾವನೆ' ಎಂದೇ ಹೆಸರು. ದೊಡ್ಡ ಮೆರವಣಿಗೆಗಳ ನಂತರ ಅದು ಬಂದೇ ಬರುತ್ತದೆ, ಮತ್ತು ಸಾರ್ವಜನಿಕ ಅಭಿಪ್ರಾಯ ನಿಧಾನವಾಗಿ ತಿರುಗುವುದೂ ಹೆಚ್ಚುಕಡಿಮೆ ಅದೇ ಹೊತ್ತಿನಲ್ಲಿ ಎಂದು ಅವರ ವಾದ. ಎಂಟೂ ಹಂತ ಎಲ್ಲ ಕಡೆ ಅಚ್ಚುಕಟ್ಟಾಗಿ ಬರುತ್ತವೆ ಎಂದು ನಾನು ನಂಬುವುದಿಲ್ಲ. ಐದನೆಯದು ಬರುವುದನ್ನು ಮಾತ್ರ ಪ್ರತಿ ಸಲ ಕಂಡಿದ್ದೇನೆ.

ಆ ಹಂತದಲ್ಲಿ ಗುಂಪುಗಳನ್ನು ಸರ್ಕಾರಕ್ಕಿಂತ ಹೆಚ್ಚಾಗಿ ಒಳಜಗಳ ಮುಗಿಸುತ್ತದೆ. ನಾನು ಮಾಡಿದ್ದನ್ನೇ ಹೇಳುತ್ತೇನೆ. ಒಂದು ರಾತ್ರಿ ಪ್ಲೆಕಾರ್ಡ್ ಬರೆಯುತ್ತಿದ್ದ ಹುಡುಗಿ 'ಕದನವಿರಾಮ' ಅನ್ನುವುದನ್ನು ತಪ್ಪಾಗಿ ಬರೆದಳು. ಎಲ್ಲರೆದುರು ಅವಳ ಮೇಲೆ ಕೂಗಾಡಿದೆ. ಅಕ್ಷರಕ್ಕಲ್ಲ, ಅವತ್ತು ಮಧ್ಯಾಹ್ನ ಆಸ್ಪತ್ರೆಯೊಂದರ ಮೇಲೆ ದಾಳಿಯಾದ ಸುದ್ದಿ ಓದಿದ್ದೆ, ಅದಕ್ಕೆ. ಅವಳು ಕುಂಚ ತೊಳೆದು, ಡಬ್ಬದ ಮುಚ್ಚಳ ಹಾಕಿ, ಬಾಗಿಲು ಮೆಲ್ಲಗೆ ಎಳೆದುಕೊಂಡು ಹೋದವಳು ಮತ್ತೆ ಬರಲಿಲ್ಲ. ಕ್ಷಮೆ ಕೇಳಿ ಪತ್ರ ಬರೆದೆ. ಚೆನ್ನಾಗಿಯೇ ಉತ್ತರಿಸಿದಳು, ಆದರೆ ಬರಲಿಲ್ಲ. ಯುದ್ಧ ಬೇಡವೆಂದು ಬರೆಯುತ್ತಿದ್ದ ಕೋಣೆಯಲ್ಲಿ ನಾನು ಮಾಡಿದ್ದು ಅದು. ಆಮೇಲೆ ನಮ್ಮ ಗುಂಪಿನಲ್ಲಿ ಒಂದು ಪದ್ಧತಿ ತಂದೆವು: ಸಭೆಯ ಮೊದಲ ಹತ್ತು ನಿಮಿಷ ಕಾರ್ಯಸೂಚಿ ಇಲ್ಲ, ಈ ವಾರ ಹೇಗಿದ್ದೀರಿ ಎಂದಷ್ಟೇ. ಸಮಯ ಹಾಳು ಎಂದು ಮೊದಲು ಗೊಣಗಿದವನು ನಾನೇ.

ಇಷ್ಟರ ಮೇಲೂ ಗಳಿಸಿದ್ದು ಉಳಿಯುತ್ತದೆಂಬ ಖಾತರಿಯಿಲ್ಲ. ಇಂಗ್ಲೆಂಡಿನ ಗ್ರೀನಮ್ ಕಾಮನ್ ಸೇನಾನೆಲೆಯ ಬೇಲಿಯ ಪಕ್ಕ ಮಹಿಳೆಯರು 1981ರಲ್ಲಿ ಡೇರೆ ಹಾಕಿದರು. ಅವರು ವಿರೋಧಿಸಿದ ಬಗೆಯ ಅಣ್ವಸ್ತ್ರ ಕ್ಷಿಪಣಿಗಳನ್ನು ನಾಶ ಮಾಡುವ ಒಪ್ಪಂದ 1987ರಲ್ಲಿ ಬಂತು, ಅಮೆರಿಕ, ಸೋವಿಯತ್ ಎರಡೂ ಕಡೆ ಸೇರಿ 2,692 ಕ್ಷಿಪಣಿ ನಾಶವಾದವು. 2019ರ ಆಗಸ್ಟ್‌ನಲ್ಲಿ ಆ ಒಪ್ಪಂದವೇ ಸತ್ತಿತು. 1997ರ ನೆಲಬಾಂಬ್ ನಿಷೇಧ ಒಪ್ಪಂದದಿಂದ ಹೊರನಡೆಯುವುದಾಗಿ 2025ರಲ್ಲಿ ಯುರೋಪಿನ ಕೆಲವು ದೇಶಗಳು ಘೋಷಿಸಿದವು. ಇದೆಲ್ಲ ಗೊತ್ತಿದ್ದೂ ಹಿರೋಷಿಮಾ, ನಾಗಸಾಕಿಯಲ್ಲಿ ಬದುಕುಳಿದವರು 1956ರಲ್ಲಿ ಕಟ್ಟಿದ ನಿಹಾನ್ ಹಿಡಾಂಕ್ಯೊ ಎಂಬ ಸಂಘಟನೆ ಕೆಲಸ ಮಾಡುತ್ತಲೇ ಬಂತು. 2024ರಲ್ಲಿ ಅದಕ್ಕೆ ನೊಬೆಲ್ ಬಂದಾಗ ಕಟ್ಟಿದವರಲ್ಲಿ ಹೆಚ್ಚಿನವರು ಇರಲಿಲ್ಲ. 1980ರ ದಶಕದ ನಡುವೆ ಜಗತ್ತಿನಲ್ಲಿ ಸುಮಾರು 70,000 ಅಣು ಸಿಡಿತಲೆಗಳಿದ್ದವು, ಈಗ 12,000ದ ಆಸುಪಾಸು. ಸಾಕೇ? ಸಾಲದು. ನಾಗಸಾಕಿಯ ನಂತರ ಯುದ್ಧದಲ್ಲಿ ಒಂದೂ ಬಳಕೆಯಾಗಿಲ್ಲ. ತಮ್ಮ ಸುಟ್ಟ ಬೆನ್ನನ್ನು ಅಪರಿಚಿತರಿಗೆ ತೋರಿಸುತ್ತ ಊರೂರು ತಿರುಗಿದ ಆ ಜನಕ್ಕೆ ಅದರಲ್ಲಿ ಪಾಲಿದೆ ಎಂದು ನೊಬೆಲ್ ಸಮಿತಿಯೂ ಹೇಳಿತು.

ಕಡೆಗೆ ನಿಮ್ಮ ಬ್ಯಾನರಿನ ವಿಷಯ. ಇಡೀ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಸಾಲು ಅದು. ಎರಡೂವರೆ ವರ್ಷದಿಂದ ಒಬ್ಬರ ಮನೆಯಲ್ಲೇ ಇದೆ, ಅವರು ತಪ್ಪಿಸುವ ಹಾಗಿಲ್ಲ. ಮಿಕ್ಕ ಎಂಟು ಜನಕ್ಕೆ ಇದು ಗೊತ್ತಿದೆಯೇ? ಬಹುಶಃ ನೀವೇ ಇಟ್ಟುಕೊಳ್ಳಲು ಇಷ್ಟಪಡುತ್ತೀರಿ ಎಂದುಕೊಂಡಿರುತ್ತಾರೆ. ಬರುವ ಶನಿವಾರ ನಿಂತದ್ದು ಮುಗಿದ ಮೇಲೆ ಅದನ್ನು ಮಡಿಸಿ ಬೇರೊಬ್ಬರ ಕೈಗೆ ಕೊಡಿ, ಮೂರು ವಾರ ಬರುವುದಿಲ್ಲ ಎಂದು ಹೇಳಿ. ಕಾರಣ ವಿವರಿಸಬೇಕಿಲ್ಲ. ಆ ಮೂರು ಶನಿವಾರ ಯಾರೂ ನಿಲ್ಲದೆ ಹೋದರೆ, ಈ ರೂಪದ ಕೆಲಸ ಮುಗಿದಿದೆ ಎಂದು ತಿಳಿಯುತ್ತದೆ, ಬೇರೆ ರೂಪ ಹುಡುಕಬಹುದು. ನಿಂತರೆ, ನಾಲ್ಕನೇ ವಾರ ಒಂಬತ್ತು ಜನರಲ್ಲಿ ಒಬ್ಬರಾಗಿ ಹೋಗಿ ನಿಲ್ಲಿ.

ತಂಗಿಯನ್ನು ಈ ರಜೆಯಲ್ಲಿ ಒಮ್ಮೆ ಮಾತಾಡಿಸಿ. ಬಾಂಬು ನಿಲ್ಲುವುದಿಲ್ಲ ಎಂದು ಒಪ್ಪಿಕೊಳ್ಳಿ. ಆಮೇಲೆ ಆ ಹಾಳೆಯ ಕೆಲಸ ಇದೆಯಲ್ಲ, ಯಾರ ಸಹಿ, ಯಾವ ತಾರೀಕು ಅಂತ, ಅದನ್ನು ಅವಳೆದುರು ಕೂತು ಬರೆಯಿರಿ. ಇಷ್ಟು ನೇರವಾಗಿ ಪ್ರಶ್ನೆ ಕೇಳುವವರು ಆ ಕೆಲಸಕ್ಕೆ ಬೇಕು. ಬ್ಯಾನರ್ ಯಾರ ಮನೆಗೆ ಹೋಯಿತು ಎಂದು ನನಗೂ ಒಂದು ಸಾಲು ಬರೆಯಿರಿ.